ನನ್ನ ಬೀಳ್ಕೊಡುಗೆ ಸಮಿತಿಗೆ ನಾನೇ ಅಧ್ಯಕ್ಷ

ರಾಜರಿರುವ ದೇಶಕ್ಕೆ ಹೋಗಿ ನೆಲೆಸುವುದೆಂದು ನಾನು ಶಾಂತಚಿತ್ತದಿಂದ, ಎಲ್ಲ ಮಗ್ಗುಲಿನಿಂದಲೂ ಯೋಚಿಸಿ, ಚುನಾವಣೆಯಲ್ಲಿ ಸೋತ ಅರ್ಧ ಗಂಟೆಯೊಳಗೆ ತೀರ್ಮಾನಿಸಿದೆ.

ಸೋತದ್ದು ಊರಿನ ಹಾಲಿನ ಸೊಸೈಟಿಗೆ ನಿಂತು. ಒಂದೇ ಓಟಿನಿಂದ. ಎದುರು ನಿಂತಿದ್ದ ಧರ್ಮಪಾಲಣ್ಣ ಹಿಂದಿನ ದಿನ ನನ್ನ ಟೈಲರ್ ಅಂಗಡಿಗೇ ಬಂದು, "ನಿಮ್ಮ ಓಟು ನನಗೇ ಅಲ್ವಾ ಮಾರಾಯ್ರೆ?" ಅಂದಿದ್ದರು. ಬಾಗಿಲಿಗೆ ಬಂದವರ ಮುಖಕ್ಕೆ ಇಲ್ಲ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. "ಆಯ್ತು" ಅಂದೆ. ಅಂದ ಮೇಲೆ ಮಾತು ಮಾತೇ. ಹೋಗಿ ಅವರಿಗೇ ಹಾಕಿದೆ. ಅವರೂ ಮರ್ಯಾದೆಗೆ ನನಗೆ ಹಾಕಿಯಾರೆಂದು ನಂಬಿದ್ದೆ. ಅವರು ಹಾಕಲಿಲ್ಲ.

ನನ್ನ ಹೆಂಡತಿಯ ತಮ್ಮ ಉಮೇಶ ಗಲ್ಫಿನ ಒಂದು ದೇಶದಲ್ಲಿದ್ದಾನೆ. ಅಲ್ಲಿ ರಾಜರ ಆಳ್ವಿಕೆ. ಗಂಡಸರಿಗೆಲ್ಲ ಒಂದೇ ನಮೂನೆಯ ಬಿಳಿ ನಿಲುವಂಗಿ. ರವಿಕೆಯ ತೋಳು ಬಿಗಿಯಾಯಿತೆಂದು ಜಗಳಕ್ಕೆ ಬರುವವರಿಲ್ಲ. ಟೈಲರ್ ಕೆಲಸ ಉಂಟು, ಬನ್ನಿ ಎಂದು ಎರಡು ವರ್ಷದಿಂದ ಕರೆಯುತ್ತಲೇ ಇದ್ದ.

"ಅಲ್ಲಿ ಓಟಿಲ್ಲ, ಗಲಾಟೆಯಿಲ್ಲ. ಒಬ್ಬರು ಹೇಳಿದ್ದೇ ಕೊನೆ," ಎಂದೆ ಹೆಂಡತಿ ವಾರಿಜಾಳಿಗೆ.

"ಒಬ್ಬರು ಹೇಳಿದ್ದನ್ನು ಕೇಳಿಕೊಂಡು ಇರ್ಲಿಕ್ಕೆ ಅಷ್ಟು ದೂರ ಹೋಗುದು ಎಂತಕ್ಕೆ? ಇಲ್ಲೇ ಉಂಟಲ್ಲ," ಎಂದು ಅವಳು ದನಕ್ಕೆ ಹುಲ್ಲು ಹಾಕಲು ಹೋದಳು.

ನಾನು ಹಿಂಜರಿಯಲಿಲ್ಲ. ಹೊಸ ಬಟ್ಟೆ ತಂದವರನ್ನೆಲ್ಲ, "ನಾನು ದೇಶ ಬಿಡುವವ," ಎಂದು ಗಂಭೀರವಾಗಿ ವಾಪಸು ಕಳುಹಿಸಿದೆ. ಅಷ್ಟು ಸಾಕಾಯಿತು. ಸಂಜೆಯೊಳಗೆ ಸುದ್ದಿ ಅತ್ತ ಕೊಲ್ಲಮೊಗ್ರು, ಇತ್ತ ಗುಂಡ್ಯ ತಲುಪಿತು. ಮರುದಿನ ಧರ್ಮಪಾಲಣ್ಣನೇ ಬಂದು, "ನಿಮ್ಮನ್ನು ಹಾಗೇ ಕಳಿಸ್ಲಿಕ್ಕಾಗುದಿಲ್ಲ. ಒಂದು ಬೀಳ್ಕೊಡುಗೆ ಆಗ್ಬೇಕು," ಎಂದರು. ಬಾಗಿಲಿಗೆ ಬಂದವರು. "ಆಯ್ತು" ಅಂದೆ.

ನಮ್ಮಲ್ಲಿ ಸಮಿತಿಯಿಲ್ಲದೆ ಬಾಳೆಗೊನೆಯನ್ನೂ ಕಡಿಯುವುದಿಲ್ಲ. ಭಾನುವಾರ ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ಗೌರವಾಧ್ಯಕ್ಷರು, ಉಪಾಧ್ಯಕ್ಷರು, ಊಟದ ಉಸ್ತುವಾರಿ ಎಲ್ಲ ಸಲೀಸಾಗಿ ಆಯಿತು. ಅಧ್ಯಕ್ಷರು ಯಾರೆಂಬಲ್ಲಿ ಬಂಡಿ ನಿಂತಿತು. ಮೂವರು ಆಕಾಂಕ್ಷಿಗಳು. ಒಂದು ಗಂಟೆ ವಾಗ್ವಾದ. ನನ್ನನ್ನು ಕಳುಹಿಸುವ ಗೌರವಕ್ಕೆ ಇಷ್ಟು ಪೈಪೋಟಿಯೇ ಎಂದು ನಾನು ಅಂಗಿಯ ಕಾಲರ್ ಸರಿಮಾಡಿಕೊಂಡೆ.

ಕೊನೆಗೆ ಧರ್ಮಪಾಲಣ್ಣ ಎದ್ದು, "ಜಗಳ ಬೇಡ. ಇವರೇ ಅಧ್ಯಕ್ಷರಾಗ್ಲಿ. ಹೇಗೂ ಊರು ಬಿಡುವವರು, ಯಾರ ಕಡೆಗೂ ವಾಲುದಿಲ್ಲ. ಒಪ್ಪಿಗೆ ಇದ್ದವರು ಕೈ ಎತ್ತಿ," ಎಂದರು.

ಜಗಲಿ ತುಂಬ ಕೈಗಳು! ಹಿಂದಿನ ತಪ್ಪು ಮಾಡಬಾರದೆಂದು ನಾನು ನನ್ನ ಕೈಯನ್ನೂ ಎತ್ತಿದೆ. ಎರಡನ್ನೂ ಎತ್ತಿದೆ.

ಗೆದ್ದೆ. ಜೀವಮಾನದಲ್ಲಿ ಮೊದಲ ಸಲ ಗೆದ್ದೆ. ಪ್ರಜಾಪ್ರಭುತ್ವಕ್ಕಿಂತ ಮಿಗಿಲಾದ ವ್ಯವಸ್ಥೆ ಈ ಭೂಮಂಡಲದಲ್ಲಿಲ್ಲ ಎಂದು ಹದಿನೈದು ನಿಮಿಷ ಭಾಷಣ ಮಾಡಿದೆ. ಅಲ್ಲಿಂದಲೇ ಉಮೇಶನಿಗೆ ಫೋನ್ ಮಾಡಿ, "ನಾನು ಬರುವುದಿಲ್ಲ. ಇಲ್ಲಿ ಜವಾಬ್ದಾರಿ ಬಿದ್ದಿದೆ," ಎಂದೆ.

"ಎಂತದ್ದು ಭಾವ?"

"ಅಧ್ಯಕ್ಷನಾಗಿದ್ದೇನೆ. ನನ್ನನ್ನು ಕಳುಹಿಸುವ ಸಮಿತಿಗೆ."

"ಫೋನ್ ಒಮ್ಮೆ ಅಕ್ಕನಿಗೆ ಕೊಡಿ," ಎಂದ ಅವನು.

ಹೋದರೆ ಅಧ್ಯಕ್ಷಗಿರಿ ಮುಗಿಯಿತು. ಹೋಗುವುದಿಲ್ಲ ಎಂದರೆ ಸಮಿತಿಯೇ ಮುಗಿಯಿತು. ಆದ್ದರಿಂದ ಅನಿವಾರ್ಯ ಕಾರಣಗಳಿಂದ ಬೀಳ್ಕೊಡುಗೆಯನ್ನು ಇಂದಿಗೂ ಮುಂದೂಡುತ್ತಲೇ ಇದ್ದೇನೆ. "ಯಾವಾಗ ಹೋಗುದು ಅಧ್ಯಕ್ಷರೇ?" ಎಂದು ದಾರಿಯಲ್ಲಿ ಕೇಳಿದವರಿಗೆ, "ಸಮಿತಿ ತೀರ್ಮಾನಿಸುತ್ತದೆ," ಎನ್ನುತ್ತೇನೆ.

ಅಧ್ಯಕ್ಷನಾದ ಆ ಭಾನುವಾರ ಸಂಜೆ, ಸಭೆಯಲ್ಲಿ ಹಾಕಿದ ಹಾರವನ್ನು ತೆಗೆಯದೆಯೇ ವಾರಿಜಾಳ ಜೊತೆ ಮನೆಗೆ ನಡೆಯುವಾಗ ಒಂದು ಸಂಗತಿ ಹೊಳೆಯಿತು. ಇಡೀ ಊರು ನನ್ನನ್ನು ಕಳುಹಿಸಲು ಒಮ್ಮತದಿಂದ ಕೈ ಎತ್ತಿತ್ತು. ಎತ್ತದೆ ಇದ್ದವಳು ಹಿಂದೆ ನಿಂತಿದ್ದ ವಾರಿಜಾ ಒಬ್ಬಳೇ. ನನ್ನ ಕಣ್ಣು ತುಂಬಿ ಬಂತು.

"ನಾನು ಹೋಗುವುದು ನಿನಗೊಬ್ಬಳಿಗೆ ಇಷ್ಟವಿರಲಿಲ್ಲ, ಅಲ್ವಾ?" ಎಂದೆ.

"ಹಾಗೆ ಎಂತ ಇಲ್ಲ," ಎಂದಳು ಅವಳು. "ಕೈಯಲ್ಲಿ ಚಾದ ತಟ್ಟೆ ಇತ್ತು."