ಏಪ್ರಿಲ್ ಮೂರನೇ ವಾರ

ಟೈಲರ್ ನಗದೇ ಇದ್ದಿದ್ದರೆ ಇದೊಂದೂ ಆಗುತ್ತಿರಲಿಲ್ಲ.

ಬೆಳಿಗ್ಗೆ ಏಳು ಗಂಟೆ. ಮಿಲಿಮೀಟರಣ್ಣ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಷೂಗೆ ಪಾಲಿಶ್ ತಿಕ್ಕುತ್ತ, ಅಡುಗೆಮನೆಯ ಕಿಟಕಿಯತ್ತ ತಿರುಗಿ, "ಈ ಸಲ ತಪ್ಪಿಸಲ್ಲ ಕಣೆ. ಏಪ್ರಿಲ್ ಮೂರನೇ ವಾರ. ಬರೆದಿಟ್ಕೋ," ಎಂದು ಹೆಂಡತಿಗೆ ಹೇಳಿದ. ಪಕ್ಕದ ಮನೆಯ ಟೈಲರ್ ಗೋಡೆಯ ಆಚೆ ಹಲ್ಲುಜ್ಜುತ್ತಿದ್ದ. ಅವನು ನಕ್ಕ. ಬಾಯ್ತುಂಬ ನೊರೆ ಇದ್ದದ್ದರಿಂದ ಆ ನಗು ಕಟ್ಟಿಕೊಂಡಿದ್ದ ಮೋರಿ ಒಮ್ಮೆಲೇ ಬಿಟ್ಟುಕೊಂಡ ಹಾಗೆ ಗೊಳಗೊಳ ಅಂತು.

"ಯಾಕೆ ನಗ್ತೀಯ?"

"ಏನಿಲ್ಲಣ್ಣ. ನಿಮ್ಮ ಆಫೀಸ್ನೋರು ಬಿಸಿಲು ಅಂದ ದಿನ ನಾನು ಅಂಗಡಿ ಮುಂದೆ ಬಟ್ಟೆ ನೇತುಹಾಕಿದ್ದೆ. ಮೂರು ಪ್ಯಾಂಟು ನೆಂದು ಕುಗ್ಗಿ ಮೊಣಕಾಲಿಗೆ ಬಂದ್ವು. ಆ ಗಿರಾಕಿ ಇವತ್ತಿಗೂ ನನ್ನ ಕಂಡ್ರೆ ರಸ್ತೆ ದಾಟ್ತಾನೆ."

ಮಿಲಿಮೀಟರಣ್ಣನ ಕಿವಿ ಕೆಂಪಾಯಿತು. ಇಪ್ಪತ್ತೆರಡು ವರ್ಷದಿಂದ ಅವನು ಹವಾಮಾನ ಕೇಂದ್ರದಲ್ಲಿ ಮಳೆ ಅಳೆಯುವ ಕೆಲಸ ಮಾಡುತ್ತಿದ್ದಾನೆ. ಅದಕ್ಕೇ ಬೀದಿಯವರು ಆ ಹೆಸರಿಟ್ಟದ್ದು. ಬಿದ್ದ ಮಳೆ ಅಳೆಯುವವನು ಬೇರೆ, ಬೀಳುವ ಮಳೆ ಹೇಳುವವನು ಬೇರೆ, ಹೇಳುವವರು ರಾಜಧಾನಿಯಲ್ಲಿ ಕೂತಿದ್ದಾರೆ ಎಂದು ಅವನು ಗಂಟಲು ಹರಿಯುವಷ್ಟು ಸಲ ಸಾರಿದ್ದಾನೆ. ಬೀದಿಯ ತಲೆಗೆ ಅದು ಹೋಗಿಲ್ಲ. ಒಣಗಲು ಹಾಕಿದ ಬಟ್ಟೆ ನೆಂದರೂ ಅವನೇ ಕಾರಣ, ಛತ್ರಿ ಹೊತ್ತು ಹೋದ ದಿನ ಬಿಸಿಲು ಕಾದರೂ ಅವನೇ ಕಾರಣ. ಒಬ್ಬನೇ ಒಬ್ಬ, ಒಂದೇ ಒಂದು ದಿನ, "ನೀನು ಹೇಳಿದ್ದು ಸರಿ" ಅಂದಿದ್ದರೆ ಅವನ ಹೊಟ್ಟೆ ತಣ್ಣಗಾಗುತ್ತಿತ್ತು.

ಇವತ್ತಂತೂ ಅವನು ಸುಮ್ಮನಿರಬೇಕಾದ ದಿನ. ಊರಿನಿಂದ ಒಂದು ಹಗಲಿನ ದಾರಿಯಲ್ಲಿ ರಾಷ್ಟ್ರೀಯ ಉದ್ಯಾನವಿದೆ. ಅದರೊಳಗೆ ಕೆರೆಯ ದಂಡೆಗೆ ಎಂಟೇ ರೂಮಿನ ಒಂದು ವಸತಿಗೃಹ. ಇಡೀ ವರ್ಷದ ರೂಮುಗಳನ್ನು ಅರಣ್ಯ ಕಚೇರಿಯ ಕೌಂಟರಿನಲ್ಲಿ ಒಂದೇ ದಿನ ಹಂಚುತ್ತಾರೆ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಆ ದಿನ ಇವತ್ತು. ಒಂದು ಮನೆಯ ರೇಷನ್ ಕಾರ್ಡಿಗೆ ವರ್ಷಕ್ಕೆ ಒಂದೇ ರೂಮು. ಆನೆ ಹಿಂಡು ತೋರಿಸುತ್ತೇನೆಂದು ಅವನು ಹೆಂಡತಿಗೆ ಮಾತು ಕೊಟ್ಟು ಹನ್ನೊಂದು ವರ್ಷವಾಗಿತ್ತು. ಪ್ರತಿ ವರ್ಷವೂ "ಈ ಸಲ ಹವಾ ಸರಿಯಿಲ್ಲ" ಎಂದು ಮುಂದೆ ಹಾಕಿದ್ದ. "ಈ ವರ್ಷವೂ ಕೈಕೊಟ್ರೆ ಇನ್ನು ನಿಮ್ಮ ಬಾಯಲ್ಲಿ ಕಾಡು ಅನ್ನೋ ಮಾತು ಬರಕೂಡದು," ಎಂದು ಅವಳು ಹೋದ ವಾರ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ಎಲ್ಲರೂ ಮುಗಿಬೀಳುವುದು ಡಿಸೆಂಬರಿಗೆ. ಏಪ್ರಿಲ್ ಅಂದರೆ ಮೂಗು ಮುರಿಯುತ್ತಾರೆ, ಸಂಜೆಯವರೆಗೂ ಆ ರೂಮುಗಳನ್ನು ಕೇಳುವ ನರಪಿಳ್ಳೆಯೂ ಇರುವುದಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಮಧ್ಯಾಹ್ನ ಹೋಗಿದ್ದರೂ ಸಿಗುತ್ತಿತ್ತು. ಆದರೆ ಟೈಲರ್ ನಕ್ಕುಬಿಟ್ಟಿದ್ದ.

"ಬಾ ಇಲ್ಲಿ," ಎಂದು ಮಿಲಿಮೀಟರಣ್ಣ ಗೋಡೆಗೆ ಎದೆ ಕೊಟ್ಟು ನಿಂತ. "ಇಪ್ಪತ್ತೊಂಬತ್ತು ವರ್ಷದ ರಿಜಿಸ್ಟರ್ ತಿರುವಿ ಹಾಕಿದೀನಿ. ಡಿಸೆಂಬರ್, ಜನವರಿ ಹತ್ತು ಗಂಟೆವರೆಗೆ ಮಂಜು. ನಿನಗೆ ಕಾಣೋ ಪ್ರಾಣಿ ಅಂದ್ರೆ ಜೀಪ್ ಡ್ರೈವರ್ ಕತ್ತು ಒಂದೇ. ಫೆಬ್ರವರೀಲಿ ಆಳೆತ್ತರ ಹುಲ್ಲು, ಮನೆಯಷ್ಟು ಆನೆ ನಿಂತ್ರೂ ಕಾಣಲ್ಲ. ಮಾರ್ಚಲ್ಲಿ ಕಾಡಿಗೆ ಬೆಂಕಿ ಬೀಳುತ್ತೆ ಅಂತ ಗೇಟ್ ಹಾಕ್ತಾರೆ. ಮೇ ತಿಂಗಳಲ್ಲಿ ಆ ಕೆರೇನೂ ಬತ್ತುತ್ತೆ, ಪ್ರಾಣಿಗಳು ಗುಡ್ಡ ದಾಟ್ತವೆ. ಜೂನ್ ಮೊದಲನೇ ವಾರ ಜಡಿಮಳೆ, ಜಿಗಣೆ, ಜೀಪಿನ ಚಕ್ರ ಹೂತುಹೋಗೋವಷ್ಟು ಕೆಸರು. ಇಪ್ಪತ್ತೊಂಬತ್ತರಲ್ಲಿ ಇಪ್ಪತ್ತಾರು ವರ್ಷ ಹೀಗೇ. ಏಪ್ರಿಲ್ ಎರಡನೇ ವಾರ ಒಂದು ಸಣ್ಣ ಮಳೆ ಬಿದ್ದು ಧೂಳು ಕೂರುತ್ತೆ. ಮೂರನೇ ವಾರ ಹನಿ ಇಲ್ಲ. ಗಿಡದಲ್ಲಿ ಎಲೆ ಇಲ್ಲ, ಬೇರೆ ಕಡೆ ನೀರಿಲ್ಲ. ಇಡೀ ಕಾಡು ಆ ಒಂದೇ ಕೆರೆಗೆ ಬರಬೇಕು, ಬೇರೆ ದಾರಿನೇ ಇಲ್ಲ. ತಿಳೀತಾ?"

"ಅಷ್ಟು ಬಿಸಿಲಲ್ಲಿ ಆನೆ ಬರೋದಿರ್ಲಿ, ನೀವೇ ಬೇಯ್ತೀರ," ಎಂದು ಟೈಲರ್ ನೊರೆ ಉಗುಳಿದ. ಹಿತ್ತಿಲಾಚೆಯ ಬೀದಿ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದ ಇಬ್ಬರು ಹೆಂಗಸರು ಕಿಸಕ್ಕೆಂದರು. ಮಿಲಿಮೀಟರಣ್ಣ ಅವರಿಗೂ ಮೊದಲಿನಿಂದ ಒಪ್ಪಿಸಿದ. ಅಷ್ಟರಲ್ಲಿ ಒಂದೇ ಷೂಗೆ ಪಾಲಿಶ್ ಆಗಿತ್ತು. ಹಾಗೇ ಮೆಟ್ಟಿಕೊಂಡು ಓಡಿದ.

ಕೇಂದ್ರದಲ್ಲಿ ಅವನ ಕೆಲಸ ಎಂಟೂವರೆಗೊಂದು ಸಲ, ಹನ್ನೊಂದೂವರೆಗೊಂದು ಸಲ ಅಂಗಳದ ಬಿಳಿ ಪೆಟ್ಟಿಗೆ ತೆಗೆದು ತಾಪಮಾನ ಬರೆಯುವುದು, ಮಳೆಮಾಪಕ ನೋಡುವುದು. ಅವನ ಜೊತೆಗೊಬ್ಬ ಬಲೂನಿನವನು. ದೊಡ್ಡ ಬಲೂನಿಗೆ ಗ್ಯಾಸ್ ತುಂಬಿ, ಅದಕ್ಕೆ ಅಳತೆಯ ಪೆಟ್ಟಿಗೆ ಕಟ್ಟಿ, ಹೇಳಿದ ಹೊತ್ತಿಗೆ ಆಕಾಶಕ್ಕೆ ಬಿಡುವುದು ಅವನ ಕೆಲಸ.

"ಅಣ್ಣ, ಮಧ್ಯಾಹ್ನ ರಜೆ ಬರೆದಿದೀರಂತೆ. ಏಪ್ರಿಲಲ್ಲಿ ಕಾಡಿಗಾ?" ಎಂದು ಅವನು ಬಲೂನನ್ನು ತಬ್ಬಿ ಹಿಡಿದೇ ಕೇಳಿದ. "ನಮ್ಮ ಆಫೀಸಿನ ಲೆಕ್ಕ ನಂಬ್ಕೊಂಡು ನಾನಂತೂ ಬಚ್ಚಲಿಗೂ ಹೋಗಲ್ಲಪ್ಪ."

"ನಮ್ಮೋನೇ ನೀನು. ನಮ್ಮ ಅನ್ನ ತಿಂದು ಹೀಗನ್ನೋಕೆ ನಾಚಿಕೆ ಆಗಲ್ವಾ?"

ಮಿಲಿಮೀಟರಣ್ಣ ಕಡ್ಡಿ ಹಿಡಿದು ಅಂಗಳದ ಮಣ್ಣಿನ ಮೇಲೆ ಕಾಡು ಬರೆದ, ಕೆರೆ ಬರೆದ, ಆನೆ ಬರುವ ದಾರಿ ಗೀಚಿದ. ಬಲೂನಿನವನು ನೋಡಲು ಬಗ್ಗಿದ. ಬಗ್ಗಿದವನ ಕೈ ಸಡಿಲಾಯಿತು. ಅಳತೆಯ ಪೆಟ್ಟಿಗೆ ನೆಲದ ಮೇಲೇ ಇತ್ತು. ಬರೀ ಬಲೂನು, ಮದುವೆಗೆ ಕರೆಯದಿದ್ದರೂ ಹೊರಟ ನೆಂಟನ ಹಾಗೆ, ತನ್ನ ಪಾಡಿಗೆ ತಾನು ಮೇಲೆ ಹೋಯಿತು.

ಹಿಂದೆ ಆಫೀಸರ್ ಮೇಡಂ ನಿಂತಿದ್ದರು.

"ಇದಕ್ಕೆ ಲಿಖಿತ ವಿವರಣೆ ಬೇಕು. ಇಬ್ಬರದೂ. ಕೊಡದೆ ಯಾರೂ ಗೇಟ್ ದಾಟೋ ಹಾಗಿಲ್ಲ."

ಬಲೂನಿನವನು ಎರಡು ಸಾಲು ಗೀಚಿ ಕೊಟ್ಟು, ಇನ್ನೊಂದು ಬಲೂನು ಹಾರಿಸಿ, ಹನ್ನೆರಡಕ್ಕೆ ಹೊರಟುಹೋದ. ಮಿಲಿಮೀಟರಣ್ಣನಿಗೆ ಎರಡು ಸಾಲು ಹೇಗೆ ಸಾಕು? ಅನ್ಯಾಯವಾದದ್ದು ತನಗೆ. ಬಲೂನು ಹಾರಿದ್ದಕ್ಕೆ ಕಾರಣ ವಾದ, ವಾದಕ್ಕೆ ಕಾರಣ ಅಪನಂಬಿಕೆ, ಅಪನಂಬಿಕೆಗೆ ಉತ್ತರ ಅಂಕಿ ಅಂಶ. ನಾಲ್ಕು ಪುಟ ಬರೆದ. ಇಪ್ಪತ್ತೊಂಬತ್ತು ವರ್ಷದ ಪಟ್ಟಿ ಹಾಕಿದ. ಕೆರೆಯ ನಕ್ಷೆ ಸೇರಿಸಿ, ಏಪ್ರಿಲ್ ಮೂರನೇ ವಾರದ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದ. ಮುಗಿದಾಗ ಮೂರು ಗಂಟೆ.

ಮೇಡಂ ನಾಲ್ಕೂ ಪುಟ ಓದಿದರು. ಕೊನೆಯ ಪುಟ ಎರಡು ಸಲ ಓದಿದರು. "ಕಚೇರಿ ರಿಜಿಸ್ಟರ್ ಸ್ವಂತಕ್ಕೆ ಬಳಸೋದು ತಪ್ಪು. ಇದು ನನ್ನ ಹತ್ರ ಇರಲಿ. ನೀವು ಹೋಗಿ. ಅಲ್ಲ, ಒಂದು ಹತ್ತು ನಿಮಿಷ ಕೂತು ಹೋಗಿ, ಮುಖ ಕೆಂಪಗಾಗಿದೆ," ಎಂದು ಫೋನ್ ಹಿಡಿದು ಒಳಗೆ ನಡೆದರು. ಇಷ್ಟು ವರ್ಷದಲ್ಲಿ ಅವರು ಇವನ ಮುಖದ ಬಣ್ಣ ವಿಚಾರಿಸಿದ್ದು ಅದೇ ಮೊದಲು.

ಬಸ್ಸಿನಲ್ಲಿ ಪಕ್ಕಕ್ಕೆ ಕೂತವನು ಫೋಟೋ ಸ್ಟುಡಿಯೋದವನು. ಅವನೂ ಅದೇ ಕೌಂಟರಿಗೆ ಹೊರಟಿದ್ದ.

"ಡಿಸೆಂಬರ್ ಸರ್. ಬೆಳಕು ಅಂದ್ರೆ ಡಿಸೆಂಬರ್ ಬೆಳಕು. ಏಪ್ರಿಲಲ್ಲಿ ಹೋಗೋರಿಗೆ ತಲೆ ಸರಿ ಇರಲ್ಲ."

ಅಷ್ಟೇ ಸಾಕಾಯಿತು. ಮಿಲಿಮೀಟರಣ್ಣ ಎದ್ದು ನಿಂತ. ಕಂಬಿ ಹಿಡಿದು ಇಡೀ ಬಸ್ಸಿಗೆ ಕೇಳುವಂತೆ ಮಂಜಿನಿಂದ ಹಿಡಿದು ಜಿಗಣೆಯವರೆಗೆ ಹೇಳಿದ. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ, "ಯಾವ ವಾರ ಅಂದ್ರಿ? ಸುಮ್ನೆ ಕೇಳ್ದೆ. ಇಂಥಾ ಲೆಕ್ಕ ಎಲ್ಲ ನಿಜ ಆಗುತ್ತಾ ಯಜಮಾನ್ರೆ," ಎಂದ. ಕಂಡಕ್ಟರನಿಗೂ ಇನ್ನೊಮ್ಮೆ ಹೇಳುವ ಹೊತ್ತಿಗೆ ಪಕ್ಕದ ಸೀಟು ಖಾಲಿಯಾಗಿತ್ತು, ಅರಣ್ಯ ಕಚೇರಿಯ ಸ್ಟಾಪು ಹಿಂದೆ ಬಿದ್ದಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದು, ಒಂದು ಹೊಳೆಯುವ ಷೂ ಒಂದು ಮಂಕು ಷೂ ಹಾಕಿಕೊಂಡು ವಾಪಸ್ ಓಡಿದ. ಕೌಂಟರ್ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷ.

"ಏಪ್ರಿಲ್ ಮೂರನೇ ವಾರ. ಒಂದು ರೂಮು," ಎಂದ, ಏದುಸಿರು ಬಿಡುತ್ತ.

ಗುಮಾಸ್ತ ಪೆನ್ನು ಕೆಳಗಿಟ್ಟ. "ನೀವೂನಾ? ಈ ವರ್ಷ ಜನಕ್ಕೆ ಏನಾಗಿದೆಯೋ. ಡಿಸೆಂಬರ್ ರೂಮುಗಳು ಹಾಗೇ ಬಿದ್ದಿವೆ, ಎಲ್ಲರಿಗೂ ಅದೊಂದೇ ವಾರ ಬೇಕು. ಎಂಟೂ ಹೋಯ್ತು."

"ಯಾರಿಗೆ ಹೋಯ್ತು?"

ಗುಮಾಸ್ತ ರಿಜಿಸ್ಟರ್ ತಿರುಗಿಸಿ ತೋರಿಸಿದ. ಮೊದಲ ಸಾಲಿನಲ್ಲಿ ಟೈಲರ್. ಎರಡನೆಯದರಲ್ಲಿ ಟೈಲರನ ಅಣ್ಣ. ಆಮೇಲೆ ನಲ್ಲಿಯ ಹತ್ತಿರ ಕಿಸಕ್ಕೆಂದ ಇಬ್ಬರು. ಆಮೇಲೆ ಬಲೂನಿನವನು. ಮೇಡಂ ಹೆಸರಿನ ಮುಂದೆ ಅವರ ಮನೆಯ ಡ್ರೈವರಿನ ರುಜು. ಅದರ ಕೆಳಗೆ ಸ್ಟುಡಿಯೋದವನು. ಕೊನೆಯ ರೂಮು ಒಬ್ಬ ಅಪರಿಚಿತನದು.

"ಇವನ್ಯಾರು?"

"ಯಾವುದೋ ಬಸ್ ಕಂಡಕ್ಟರ್ ಭಾವಮೈದುನ ಅಂತೆ. ಭಾವ ಫೋನ್ ಮಾಡಿದ್ನಂತೆ, ಓಡಿ ಬಂದ. ಯಾರೋ ಹವಾಮಾನದೋರು ಲೆಕ್ಕ ಹಾಕಿ ಹೇಳಿದಾರಂತಲ್ಲ. ಅವರ ಮಾತು ಅಂದ್ರೆ ಮಾತು, ಕಣ್ಮುಚ್ಚಿ ನಂಬಬಹುದು ಅಂತ ಬಂದೋರೆಲ್ಲ ಹೇಳ್ತಿದ್ರು."

ಇಪ್ಪತ್ತೆರಡು ವರ್ಷ ಕಾದ ಮಾತು. ಕೇಳಿ ಮಿಲಿಮೀಟರಣ್ಣನಿಗೆ ಗುಮಾಸ್ತನ ಕೌಂಟರನ್ನು ಒದೆಯಬೇಕೆನ್ನಿಸಿತು. ಬಲೂನಿನವನೂ ಮೇಡಮ್ಮೂ ಆ ವಾರ ಕಾಡಿಗೆ ಹೋದರೆ ಕೇಂದ್ರದಲ್ಲಿ ತಾಪಮಾನ ಬರೆದು, ಬಲೂನು ಹಾರಿಸಿ, ಫೋನ್ ಎತ್ತುವವನು ತಾನೊಬ್ಬನೇ ಎಂಬುದೂ ಹೊಳೆಯಿತು.

"ನಾಲ್ಕನೇ ವಾರ ಕೊಡಿ ಹಾಗಾದ್ರೆ," ಎಂದು ರೇಷನ್ ಕಾರ್ಡ್ ಮುಂದಿಟ್ಟ.

ಗುಮಾಸ್ತ ಅದರ ನಂಬರ್ ನೋಡಿ ಮೊದಲ ಪುಟಕ್ಕೆ ಹೋದ. "ಈ ಕಾರ್ಡಿಗೆ ರೂಮು ಕೊಟ್ಟಾಗಿದೆ. ಇವತ್ತಿನ ಮೊದಲನೇ ಗಿರಾಕಿ. ಹತ್ತು ಗಂಟೆಗೆ ಬಾಗಿಲು ತೆಗೆಯೋಕೆ ಮುಂಚೆನೇ ಒಬ್ಬರು ಹೆಂಗಸು ಕಾರ್ಡಿನ ಜೆರಾಕ್ಸ್ ಹಿಡಿದು ನಿಂತಿದ್ರು."

"ನನ್ನ ಹೆಂಡತಿ," ಎಂದ ಮಿಲಿಮೀಟರಣ್ಣ. ಅವನ ಧ್ವನಿ ಸಣ್ಣದಾಯಿತು. "ಹತ್ತು ಗಂಟೆಗೆ ಏಪ್ರಿಲ್ ರೂಮು ಎಂಟೂ ಖಾಲಿ ಇತ್ತಾ?"

"ಎಂಟೂ ಇತ್ತು. ನಾನೇ ಬೇಕಾ ಅಂತ ಕೇಳ್ದೆ. ಬೇಡ ಅಂದ್ರು. ಜೂನ್ ಮೊದಲನೇ ವಾರ ಕೇಳಿ ಬರೆಸ್ಕೊಂಡು ಹೋದ್ರು. ಬರೆದದ್ದನ್ನ ಅಳಿಸೋಕೆ ಬರಲ್ಲ, ಈಗಲೇ ಹೇಳ್ತೀನಿ."

ಮನೆಗೆ ಬಂದಾಗ ಹೆಂಡತಿ ಟ್ರಂಕಿನಿಂದ ತೆಗೆದ ಹತ್ತಿ ಸೀರೆಗಳನ್ನು ಮಂಚದ ಮೇಲೆ ಹರವಿ ಯಾವುದು ಉಡಲಿ ಎಂದು ನೋಡುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಅವಳ ಮುಖ ಅಷ್ಟು ಕಳೆಕಳೆಯಾಗಿದ್ದದ್ದನ್ನು ಅವನು ಕಂಡಿರಲಿಲ್ಲ.

"ಜೂನ್ ಮೊದಲನೇ ವಾರ," ಎಂದ ಅವನು, ಬಾಗಿಲಲ್ಲೇ ನಿಂತು. "ಬೆಳಿಗ್ಗೆ ಆ ಗೋಡೆ ಹತ್ರ ನಾನು ಬಾಯಿ ಬಡ್ಕೊಂಡದ್ದು ನಿನ್ನ ಕಿವಿಗೆ ಬೀಳಲಿಲ್ವಾ? ಜಡಿಮಳೆ ಅಂದೆ. ಇಪ್ಪತ್ತಾರು ವರ್ಷ ಅಂದೆ."

"ಬಿತ್ತು ರೀ. ಎಲ್ಲ ಕೇಳಿಸ್ಕೊಂಡೇ ಹೋದೆ. ನಿಮ್ಮನ್ನ ನಂಬಿದ್ರೆ ಮಧ್ಯಾಹ್ನದವರೆಗೂ ಯಾರ ಜೊತೇಲೋ ಜಗಳ ಆಡ್ತಾ ನಿಂತಿರ್ತೀರ ಅಂತ ನಾನೇ ಹೋದೆ."

"ಮತ್ತೆ? ಇಡೀ ಊರು ನನ್ನ ಮಾತು ನಂಬಿ ರೂಮು ಹಿಡೀತು. ನೀನೊಬ್ಳು..."

"ಊರಿಗೇನು ಗೊತ್ತು? ನಿಮ್ಮ ಜೊತೆ ಹತ್ತೊಂಬತ್ತು ವರ್ಷ ಸಂಸಾರ ಮಾಡಿರೋಳು ನಾನು. ನೀವು ಇವತ್ತು ಮಳೆ ಅಂದ ದಿನ ಒಂದು ಹನಿ ಬಿದ್ದದ್ದು ನೋಡಿಲ್ಲ," ಎಂದು ಅವಳು ಒಂದು ಸೀರೆ ಆರಿಸಿ ಪಕ್ಕಕ್ಕಿಟ್ಟಳು. "ಅದಕ್ಕೇ ಇಷ್ಟು ಗಟ್ಟಿಯಾಗಿ ಮಳೆ ಅಂತೀರಲ್ಲ, ಆ ವಾರವೇ ನೋಡಿ ಹಿಡಿದೆ. ಛತ್ರಿ ತಗೊಳ್ಳೋದು ಬೇಡ ರೀ, ಸುಮ್ನೆ ಭಾರ."