ಎಫ್ ಒಂದು ಒತ್ತಿ

ಕರಡಿ ಸೋಮವಾರ ಬೆಳಿಗ್ಗೆ ನಿದ್ದೆಯಲ್ಲೇ ತೀರಿಕೊಂಡ. ಎಪ್ಪತ್ತೊಂದು ವರ್ಷ. ಹೃದಯ ನಿಂತಿದೆ ಎಂದು ಡಾಕ್ಟರು ಬರೆದುಕೊಟ್ಟರು. ಅವನ ಕೊನೆಯ ವಾರ ಹೇಗಿತ್ತೋ ಹಾಗೆ ಬರೆದರೆ ಓದಿದವರು ನಗುತ್ತಾರೆ. ಬೇರೆ ಥರ ಬರೆದರೆ ಸುಳ್ಳಾಗುತ್ತದೆ.

ಅವನಿಗೆ ಹೆಸರು ಬೇರೆಯೇ ಇತ್ತು, ಯಾರೂ ಬಳಸುತ್ತಿರಲಿಲ್ಲ. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನು ಕರಡಿಯಾಗದೆ ಇನ್ನೇನಾಗುತ್ತಾನೆ? (ಕೂದಲಿಗೂ ಬಿರುದಿಗೂ ಸಂಬಂಧವಿಲ್ಲ. ಮೈಮೇಲಿರಲಿ, ತಲೆಯ ಮೇಲೂ ಇರಲಿಲ್ಲ.) ಔಷಧದ ಚೀಟಿಯಿಂದ ಬಸ್ಸಿನ ಬೋರ್ಡಿನವರೆಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ತಿದ್ದುತ್ತಿದ್ದ. ಒಮ್ಮೆ ಹೆಂಡತಿ ಜಗಳವಾಡಿ, "ನಾನು ಅಕ್ಕನ ಮನೆಗೆ ಹೊಗುತ್ತೇನೆ" ಎಂದು ಚೀಟಿ ಬರೆದಿಟ್ಟು ನಡೆದಾಗ, ಕೆಂಪು ಪೆನ್ನು ಹುಡುಕಿ 'ಹೊ'ಗೆ ದೀರ್ಘ ಕೊಟ್ಟು, ಆಮೇಲೆ ಆಕೆಯನ್ನು ಹುಡುಕಲು ಹೊರಟಿದ್ದ.

ಆಕೆ ಪುಟ್ಟ ಮಕ್ಕಳ ಟೀಚರು. ಮೂವತ್ತು ವರ್ಷ ತರಗತಿಯಲ್ಲಿ ತಾವೇ ಕಟ್ಟಿದ ಒಗಟುಗಳನ್ನು ಹಾಜರಿ ಹಾಳೆಗಳ ಬೆನ್ನಿಗೆ ಗೀಚಿಟ್ಟಿದ್ದರು. ಒಟ್ಟು ಮುನ್ನೂರ ಹನ್ನೆರಡು. ಕರಡಿ ಎರಡು ವರ್ಷ ಕೂತು ಅವನ್ನೆಲ್ಲ ತನ್ನ ಕಂಪ್ಯೂಟರಿನಲ್ಲಿ ಟೈಪು ಮಾಡಿದ್ದ. ಹಳೆಯ ಅಚ್ಚುಕೂಟದವರು ಪುಸ್ತಕ ಮಾಡಲು ಒಪ್ಪಿದ್ದರು. ಶನಿವಾರದೊಳಗೆ ಪುಟಗಳು ಕೈಸೇರಬೇಕು, ಇಲ್ಲದಿದ್ದರೆ ಸರದಿ ಮುಂದಿನ ವರ್ಷಕ್ಕೆ.

ಮಂಗಳವಾರ ಕಂಪ್ಯೂಟರು ಮುಷ್ಕರ ಹೂಡಿತು.

ಹದಿನೆಂಟು ವರ್ಷದ ಯಂತ್ರರಾಜ ಅದು. ಸ್ವಿಚ್ಚು ಹಾಕಿದರೆ ನಿಟ್ಟುಸಿರು ಬಿಟ್ಟು, ಒಮ್ಮೆ ಕೀಂ ಎಂದು, ತಾರೀಖು ತಪ್ಪಿದೆಯೆಂದು ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಸಾರಿ, ಅಲ್ಲೇ ಧ್ಯಾನಕ್ಕೆ ಕೂತಿತು. ಅದರ ಕೆಳಗೆ ಇನ್ನೇನೋ ಸಾಲು ಇದ್ದಿರಬೇಕು. ಆದರೆ ಪರದೆಯ ತಳದ ಎರಡು ಬೆರಳಗಲ ಕತ್ತಲಾಗಿ ವರ್ಷವಾಗಿತ್ತು.

"ರೀ, ಏನಂತೆ ಅದಕ್ಕೆ?" ಟೀಚರು ಬಾಗಿಲಿನಿಂದಲೇ ಕೇಳಿದರು.

"ಬೂಟ್ ಆಗ್ತಿಲ್ಲ."

"ನಿಮ್ಮ ಕಾಲಿಗೆ ಚಪ್ಪಲೀನೇ ಸರಿಯಾಗಿ ಆಗಲ್ಲ, ಇನ್ನು ಬೂಟು."

"ಸುಮ್ನಿರೇ. ಅದು ಏಳ್ತಿಲ್ಲ ಅಂತ ಅರ್ಥ."

"ನಿಮ್ಮ ಜೊತೆ ಇದ್ದೂ ಇದ್ದೂ ಕಲಿತಿದೆ. ಹೋಗ್ಲಿ ಬಿಡಿ, ನನ್ನ ಹಾಳೆಗಳಿದಾವಲ್ಲ, ಅವನ್ನೇ ಕೊಟ್ಟರಾಯ್ತು."

ಕರಡಿಯ ಬೋಳುತಲೆಯಲ್ಲಿ ಬೆವರು ಮೂಡಿತು. ಟೈಪಾಯಿತಲ್ಲ, ಇನ್ನೇಕೆ ಎಂದು ಹಾಳೆಗಳನ್ನೆಲ್ಲ ಹೋದ ತಿಂಗಳೇ ರದ್ದಿಯವನಿಗೆ ಹಾಕಿದ್ದ.

"ಇವೆ, ಎಲ್ಲೋ ಇವೆ," ಎಂದು ಫೋನು ಹಿಡಿದು ಜಗುಲಿಗೆ ನಡೆದ.

ರಿಪೇರಿಯವನು ಡಬ್ಬವನ್ನು ಅಂಗಡಿಗೇ ತನ್ನಿ ಎಂದ. ಕರಡಿ ಸುತರಾಂ ಒಪ್ಪಲಿಲ್ಲ. ಆ ಅಂಗಡಿಗೆ ಹೋದ ಯಂತ್ರಗಳು ಪೂರ್ವಜನ್ಮದ ನೆನಪೇ ಇಲ್ಲದೆ ಮರಳುತ್ತವೆಂದು ಕೇಳಿದ್ದ. ಸರಿ, ಫೋನಿನಲ್ಲೇ ಚಿಕಿತ್ಸೆ ಶುರುವಾಯಿತು.

"ಒಳಗಿರೋ ಸಣ್ಣ ಸೆಲ್ಲು ಸತ್ತಿದೆ ಸಾರ್, ಅದಕ್ಕೇ ತಾರೀಖು ಮರೆತಿದೆ. ಗಾಬರಿ ಏನಿಲ್ಲ. ಎಫ್ ಒಂದು ಒತ್ತಿ."

ಇಲ್ಲೊಂದು ಮಾತು ಹೇಳಲೇಬೇಕು. ಕರಡಿ ಕಲಿತ ಕನ್ನಡ ಕೀಬೋರ್ಡಿನಲ್ಲಿ ಎಫ್ ಎಂದರೆ ಒತ್ತಕ್ಷರದ ಗುಂಡಿ. ಕ ಹೊಡೆದು, ಎಫ್ ಹೊಡೆದು, ಮತ್ತೆ ಕ ಹೊಡೆದರೆ ಅಕ್ಕನ 'ಕ್ಕ' ಬರುತ್ತದೆ. ಅಂಥ ಸೂತ್ರಗಳನ್ನೆಲ್ಲ ಒಂದು ಕಾಗದದ ಪಟ್ಟಿಯಲ್ಲಿ ಬರೆದು, ಯಂತ್ರ ಮನೆಗೆ ಬಂದ ದಿನವೇ ಕೀಬೋರ್ಡಿನ ನೆತ್ತಿಯ ಮೇಲೆ ಅಂಟಿಸಿಕೊಂಡಿದ್ದ. ಎಫ್ ಅವನ ಬೆರಳಿಗೆ ಕಣ್ಣು ಮುಚ್ಚಿದರೂ ಸಿಗುತ್ತಿತ್ತು.

"ಒತ್ತಿದೆ. ಏನೂ ಆಗ್ಲಿಲ್ಲ."

"ಎಫ್ ಒಂದು ಒತ್ತಿದ್ರಾ?"

"ಒಂದೇ ಒತ್ತಿದ್ದು. ಎರಡು ಒತ್ತೋಕೆ ನಾನೇನು ಹೊಸಬನಾ?"

"ಎಫ್ ಎರಡು ಬೇಡ ಸಾರ್, ಅದು ಬೇರೆ ಕಡೆ ಕರ್ಕೊಂಡು ಹೋಗುತ್ತೆ."

"ಅದಕ್ಕೇ ಒಂದೇ ಅಂದೆನಲ್ಲಪ್ಪ."

"ಸರಿಯಾಗಿ ಒತ್ತಿ ಸಾರ್."

"ಒತ್ತಿನ ವಿಷಯ ನನಗೆ ಹೇಳಿಕೊಡ್ತೀಯಾ? ನೀನು ಹುಟ್ಟೋದಕ್ಕೆ ಮುಂಚಿಂದ ಒತ್ತು ಕೊಡ್ತಿದೀನಿ ನಾನು."

ಬುಧವಾರ ಡಬ್ಬದ ಮುಚ್ಚಳ ಬಿಚ್ಚಿ ಒಳಗಿನ ಧೂಳು ಊದಿದ. ಧೂಳು ಹೊರಗೆ ಬಂತು, ಒಗಟು ಬರಲಿಲ್ಲ. ವೈರುಗಳನ್ನು ಕಿತ್ತು ಮತ್ತೆ ಸಿಕ್ಕಿಸಿದ. ಒಂದು ವೈರು ಮಿಕ್ಕಿತು. ಅದು ಟೀಚರ ಇಸ್ತ್ರಿಪೆಟ್ಟಿಗೆಯದೆಂದು ತಿಳಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಗುರುವಾರ ರಿಪೇರಿಯವನು ಹೊಸ ಮದ್ದು ಹೇಳಿದ: ಮೆಮೊರಿ ಪಟ್ಟಿಯನ್ನು ಹೊರಗೆ ತೆಗೆದು, ಅದರ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಬೇಕಂತೆ.

"ಮೆಮೊರೀನ ರಬ್ಬರಿಂದ ಉಜ್ಜು ಅಂತಾನಲ್ಲೇ," ಕರಡಿ ಕಂಗಾಲಾದ. "ಇರೋದೆಲ್ಲ ಅಳಿಸಿ ಹೋದ್ರೆ?"

"ಅದು ಅಳಿಸಿ ಹೋದ್ರೆ ನಿಮ್ಮನ್ನ ನಾನು ಅಳಿಸ್ತೀನಿ," ಎಂದರು ಟೀಚರು.

ಉಜ್ಜಿದ. ಎಫ್ ಒಂದು ಒತ್ತಿದ. ಮೆಲ್ಲಗೆ ಒತ್ತಿದ, ಜೋರಾಗಿ ಒತ್ತಿದ, ಕಣ್ಣುಮುಚ್ಚಿ ಒತ್ತಿದ. ಯಂತ್ರರಾಜ ಜಗ್ಗಲಿಲ್ಲ.

ಶುಕ್ರವಾರ ಸಂಜೆ ಟೀಚರು ಸೊಂಟಕ್ಕೆ ಕೈಯಿಟ್ಟು ನಿಂತರು. "ಸಾಕು ರೀ. ಹಾಳೆ ಎಲ್ಲಿಟ್ಟಿದೀರ ಹೇಳಿ. ಕೂತು ಕೈಯಲ್ಲೇ ಬರೀತೀನಿ."

ಇನ್ನು ಮುಚ್ಚಿಡಲು ದಾರಿಯಿರಲಿಲ್ಲ. ಕರಡಿ ಹೇಳಿದ. ನೆಲ ನೋಡಿಕೊಂಡು, ಪೂರ್ಣವಿರಾಮವಿಲ್ಲದೆ ಒಂದೇ ಉಸಿರಿಗೆ ಹೇಳಿದ.

ಟೀಚರು ಬೈಯಲಿಲ್ಲ. ಅವರಿಗೆ ತಡೆಯಲಾರದ ಸಿಟ್ಟು ಬಂದರೆ ಒದ್ದೆ ಬಟ್ಟೆ ಹಿಡಿದು ಒರೆಸುತ್ತಾರೆ. ಕಿಟಕಿ ಒರೆಸಿದರು, ಕುರ್ಚಿ ಒರೆಸಿದರು, ಮೇಜು ಒರೆಸಿದರು.

"ಮೂವತ್ತು ವರ್ಷದ್ದು," ಎಂದರು ಒಮ್ಮೆ ಮಾತ್ರ.

"ನಂಗೊತ್ತು."

"ನಿಮಗೇನೂ ಗೊತ್ತಿಲ್ಲ."

ಕೀಬೋರ್ಡಿನ ಸರದಿ ಬಂತು. ಅವರು ಉಜ್ಜಿದ ರಭಸಕ್ಕೆ ಹದಿನೆಂಟು ವರ್ಷದ ಕಾಗದದ ಪಟ್ಟಿ ನೆನೆದು, ಸುರುಳಿ ಸುತ್ತಿಕೊಂಡು ಬಂತು. ಅದರಡಿ ಒಂದು ಸಾಲು ಗುಂಡಿಗಳು ಅಂಗಡಿಯಿಂದ ಈಗ ತಂದಂತೆ ಹೊಳೆಯುತ್ತಿದ್ದವು.

"ರೀ, ಇಲ್ಲಿ ನೋಡಿ. ಎಫ್ ಒಂದು ಅಂತ ಒಂದೇ ಗುಂಡಿ ಇದೆಯಲ್ಲ," ಎನ್ನುತ್ತ ಒತ್ತಿಯೇಬಿಟ್ಟರು.

ಯಂತ್ರರಾಜ ಕೆಮ್ಮಿದ. ಪರದೆ ನೀಲಿಯಾಯಿತು. ಮುನ್ನೂರ ಹನ್ನೆರಡು ಒಗಟುಗಳ ಕಡತ ಬಿಟ್ಟ ಜಾಗದಲ್ಲೇ ಕೂತಿತ್ತು.

ಕರಡಿ ಕುರ್ಚಿಯ ಬೆನ್ನು ಹಿಡಿದು ನಿಂತ. ನಾಲ್ಕು ದಿನ ಧೂಳು ಕುಡಿದ ಮುಖ. ಟೀಚರು ಬಟ್ಟೆ ಹಿಂಡುತ್ತ ಕೇಳಿದರು: "ಒಂದು ಒಗಟು ಹೇಳ್ತೀನಿ, ಬಿಡಿಸಿ ನೋಡೋಣ. ಮೂಗಿನ ಕೆಳಗೇ ಇರುತ್ತೆ, ತಿದ್ದೋ ಯಜಮಾನನಿಗೆ ಮಾತ್ರ ಕಾಣಲ್ಲ. ಏನು?"

"ಮೀಸೆ."

"ತಪ್ಪು."

"ಮತ್ತೇನು?"

"ಅದೇ. ತಪ್ಪು."

ಮುನ್ನೂರ ಹದಿಮೂರನೆಯದನ್ನು ಅವನೇ ಟೈಪು ಮಾಡಿ ಸೇರಿಸಿದ. ಶನಿವಾರ ಮಧ್ಯಾಹ್ನ ಪುಟಗಳೆಲ್ಲ ಅಚ್ಚುಕೂಟ ಸೇರಿದವು. ಸೇರಿಸಿ ಬಂದವನು ಹಾಯಾಗಿರಬೇಕಿತ್ತು. ಭಾನುವಾರವಿಡೀ ಮುಖ ಗಂಟಿಕ್ಕಿಕೊಂಡು ಜಗುಲಿಯಲ್ಲಿ ಶತಪಥ ತಿರುಗಿದ. ಗುಂಡಿ ತನಗೆ ಕಾಣಲಿಲ್ಲವೆಂಬ ಕೊರಗೇನೂ ಇರಲಿಲ್ಲ. ಅವನ ತಕರಾರಿದ್ದದ್ದು ವಾಕ್ಯದ ಮೇಲೆ. ಸಂಜೆ ತಡೆಯಲಾರದೆ ರಿಪೇರಿಯವನಿಗೆ ಫೋನು ಹಚ್ಚಿದ.

"ಎಫ್ ಒಂದು ಅಂತ ಬಿಡಿಸಿ ಹೇಳಿದ್ರೆ, ಎಫ್ ಅನ್ನೋದನ್ನ ಒಂದು ಸಲ ಅಂತ ಅರ್ಥ ಬರುತ್ತಪ್ಪ. ಗುಂಡಿ ಒಂದೇ ಆದ್ಮೇಲೆ ಪದಾನೂ ಒಂದೇ ಇರಬೇಕು. ಸಂಧಿ ಮಾಡಿ ಹೇಳು."

"ಆಯ್ತು ಸಾರ್, ಇನ್ಮೇಲೆ ಕೂಡಿಸೇ ಹೇಳ್ತೀನಿ."

"ಎಲ್ಲಿ, ಈಗ ಹೇಳು."

"ಎಫ್... ಒಂದು."

"ಮತ್ತೆ ಬಿಟ್ಟೆ."

"ಎಫು ಒಂದು."

"ಅದ್ಯಾಕೆ ಕೊಂಬು ಹಾಕ್ತೀಯ? ಎಫೊಂದು."

"ಎಫೊಂದು."

ಇನ್ನೊಂದು ಸಲ ಹೇಳಿಸಿ, ಸರಿಯಾಗಿದೆ ಎಂದು ಕರಡಿ ಫೋನಿಟ್ಟ.