ಶ್ರೀನಿವಾಸಪುರದ ಲಕ್ಸೆಂಬರ್ಗ್

ಅಮರನಾಥ್ ಮೇಷ್ಟ್ರಿಗೆ ಸುಸ್ತಾಗಿತ್ತು. ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ದಿನವಿಡೀ ಸಮಾಜ ವಿಜ್ಞಾನ ಹೇಳಿ ಬಂದ ಸುಸ್ತಲ್ಲ ಅದು. ಆ ಸುಸ್ತಿಗೆ ಒಂದು ಲೋಟ ಕಾಫಿ ಸಾಕು. ಇದು ಮನೆಯ ಹೊಸಿಲು ದಾಟಿದ ಮೇಲೆ ಶುರುವಾಗುವ ಎರಡನೇ ಪಾಳಿಯದು. ಸಂಬಳವಿಲ್ಲ, ರಜೆಯಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ. ಹುದ್ದೆಯ ಹೆಸರು ದುಭಾಷಿ.

ತಾಯಿ ಮುನಿಯಲ್ಲಮ್ಮ ಆಂಧ್ರದ ಗಡಿಯ ರಾಯಲ್ಪಾಡಿನವರು, ಆಡುವುದು ತೆಲುಗು. ಹೆಂಡತಿ ಶೋಭಾರಾಣಿ ಅರಸೀಕೆರೆ ಕಡೆಯವಳು, ಆಡುವುದು ಕನ್ನಡ. ಮದುವೆಯಾದ ಹೊಸದರಲ್ಲಿ ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕು ಸುಮ್ಮನಾಗುತ್ತಿದ್ದರು. ನಗು ಬಹಳ ದಿನ ನಡೆಯಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ, ಹತ್ತು ವರ್ಷದಿಂದ, ಮೇಷ್ಟ್ರು ಅಡುಗೆಮನೆಗೂ ನಡುಮನೆಗೂ ಓಡಾಡಿಕೊಂಡು ಮಾತು ಸಾಗಿಸುತ್ತಿದ್ದಾರೆ.

ಸಾಗಿಸುವಾಗ ಕೊಂಚ ಸೋಸುತ್ತಿದ್ದರೆನ್ನುವುದೂ ನಿಜ. ಈ ಸಾರಿಗೆ ಉಪ್ಪಿಲ್ಲ, ಹುಳಿಯಿಲ್ಲ, ಇದಕ್ಕಿಂತ ಪಾತ್ರೆ ತೊಳೆದ ನೀರು ವಾಸಿ ಎಂದು ತಾಯಿ ತೆಲುಗಿನಲ್ಲಿ ಸಿಡುಕಿದರೆ, ಮೇಷ್ಟ್ರು ಹೆಂಡತಿಯ ಕಡೆ ತಿರುಗಿ, "ಅಮ್ಮ ನಿನ್ನ ಹೊಗಳ್ತಿದ್ದಾರೆ ಕಣೇ" ಎನ್ನುತ್ತಿದ್ದರು. ಹೊಗಳಲು ಇಷ್ಟೊಂದು ಮಾತು ಬೇಕಾ ಎಂದು ಅವಳು ಕೇಳಿದರೆ, ತೆಲುಗು ಸ್ವಲ್ಪ ಉದ್ದದ ಭಾಷೆ ಎಂದು ಸಮಜಾಯಿಷಿ ಕೊಡುತ್ತಿದ್ದರು. ಅವಳು ಕನ್ನಡದಲ್ಲಿ ಕೊಟ್ಟ ಖಾರದ ಉತ್ತರ ತಾಯಿಯ ಕಿವಿಗೆ ಬೀಳುವ ಹೊತ್ತಿಗೆ ಮಂಡಿನೋವು ಹೇಗಿದೆ ಎಂಬ ವಿಚಾರಣೆಯಾಗಿರುತ್ತಿತ್ತು.

ಇಂಥ ಲೋಕಕಲ್ಯಾಣ ಮಾಡುವವನು ನಡುವೆ ತನ್ನದೂ ಒಂದೆರಡು ಅರ್ಜಿ ತೂರಿಸಿದರೆ ತಪ್ಪೇನು? ಶನಿವಾರ ಬೆಳಗಿನ ಶಾಲೆ ಮುಗಿಸಿ ಬರುವಷ್ಟರಲ್ಲಿ ಗರಿಗರಿ ಮಸಾಲೆ ವಡೆ ಆಗಿರಬೇಕು, ಅಮ್ಮನಿಗೆ ಆಸೆಯಂತೆ. ಮಾವಿನ ಕಾಲ ಬಂದಾಗ ತಾಯಿ ಸೊಸೆಯನ್ನು ರಾಯಲ್ಪಾಡಿಗೆ ಕರೆದೊಯ್ಯಬೇಕೆನ್ನುತ್ತಿದ್ದರು. ಇಬ್ಬರೂ ಹೊರಟರೆ ಮನೆಯಲ್ಲಿ ಮುದ್ದೆ ತೊಳಸುವವರು ಯಾರು? ಹೀಗಾಗಿ ತಾಯಿಯ ಹತ್ತಿರ ಶೋಭಾಗೆ ಬಸ್ಸು ಆಗಿಬರಲ್ಲ ಎಂದೂ, ಶೋಭಾಳ ಹತ್ತಿರ ಈ ವರ್ಷ ಬೇಡ ಅಂದರು ಅಮ್ಮ ಎಂದೂ ಹೇಳಿ ಪ್ರತಿವರ್ಷವೂ ಗಡಿಯಲ್ಲಿ ಶಾಂತಿ ಕಾಪಾಡಿದ್ದರು.

ಆದರೆ ಈಚೀಚೆಗೆ ಶಾಂತಿ ದುಬಾರಿಯಾಗಿತ್ತು. ಸಂಜೆ ಅವರು ಚಪ್ಪಲಿ ಬಿಡುವಾಗಲೇ ಒಂದು ಜಗಳ ಸಿದ್ಧವಿರುತ್ತಿತ್ತು. ನೀರಿನ ಕ್ಯಾನು ತರುವವರು ಯಾರು, ರಾಗಿ ಬೀಸಿಸುವವರು ಯಾರು, ಟೈಲರ್ ಹತ್ತಿರ ಹೋಗುವವರು ಯಾರು. ಅತ್ತಲಿಂದಿತ್ತ ಮಾತು ಸಾಗಿಸಿ ಸಾಗಿಸಿ ಸೊಂಟ ಬಿದ್ದುಹೋಗಿ, ಕೊನೆಗೆ "ಇರ್ಲಿ ಬಿಡಿ, ನಾನೇ ಹೋಗಿ ಬರ್ತೀನಿ" ಎನ್ನುವಲ್ಲಿಗೆ ಸಂಧಾನ ಮುಗಿಯುತ್ತಿತ್ತು.

ಹಾಗಿರುವಾಗ ಜೂನ್ ತಿಂಗಳ ಒಂದು ದಿನ, ಸ್ಟಾಫ್ ರೂಮಿನಲ್ಲಿ ಹಳೇ ಪೇಪರಿನ ಪುರವಣಿಯೊಂದರಲ್ಲಿ ಅವರಿಗೆ ಲಕ್ಸೆಂಬರ್ಗ್ ಸಿಕ್ಕಿತು. ಯುರೋಪಿನ ಪುಟ್ಟ ದೇಶ, ನಮ್ಮ ಕೋಲಾರ ಜಿಲ್ಲೆಗಿಂತ ಚಿಕ್ಕದು. ಮನೆಯಲ್ಲಿ ಲಕ್ಸೆಂಬರ್ಗಿಷ್, ಮಕ್ಕಳು ಓದು ಕಲಿಯುವುದು ಜರ್ಮನ್‌ನಲ್ಲಿ, ಕಾನೂನು ಬರೆಯುವುದು ಫ್ರೆಂಚಿನಲ್ಲಿ. ಅಂಗಡಿಗೆ ಹೋದವನು ಒಂದರಲ್ಲಿ ಶುರುಮಾಡಿ ಇನ್ನೊಂದರಲ್ಲಿ ಮುಗಿಸುತ್ತಾನಂತೆ. ಮೇಷ್ಟ್ರ ಕಣ್ಣು ತುಂಬಿ ಬಂತು. ಅಲ್ಲಿ ಯಾವ ಗಂಡನೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಉಪ್ಪಿನ ವಿಷಯ ಅನುವಾದ ಮಾಡುವುದಿಲ್ಲ. ಪ್ರಜೆಗಳೇ ಭಾಷೆ ಕಲಿತುಬಿಟ್ಟರೆ ದುಭಾಷಿ ಕಾಲು ಚಾಚಿ ಮಲಗಬಹುದು. ನಮ್ಮ ಮನೆ ಲಕ್ಸೆಂಬರ್ಗ್ ಯಾಕಾಗಬಾರದು?

ಭಾನುವಾರದಿಂದ ತರಗತಿ ಎಂದು ಘೋಷಿಸಿದರು. ಇಬ್ಬರೂ ಒಪ್ಪಲಿಲ್ಲ. ಈ ವಯಸ್ಸಿನಲ್ಲಿ ತನಗೆ ಕನ್ನಡ ಹತ್ತುವುದಿಲ್ಲ ಎಂದರು ತಾಯಿ. (ರಾತ್ರಿ ಎರಡೆರಡು ಕನ್ನಡ ಧಾರಾವಾಹಿ ತಪ್ಪದೆ ನೋಡುತ್ತಿದ್ದರು, ಆದರೆ ಅದು ಸೀರೆಗಳಿಗೋಸ್ಕರ ಎಂದು ಮೇಷ್ಟ್ರು ನಂಬಿದ್ದರು.) ತೆಲುಗು ತನ್ನ ತಲೆಗೆ ಹೋಗುವುದಿಲ್ಲ ಎಂದಳು ಶೋಭಾರಾಣಿ. (ತೆಲುಗು ಬಿಟ್ಟು ಬೇರೆ ಬಾರದ, ಟೊಮೆಟೊ ಮಾರುವ ಆಂಜಿಯ ಹತ್ತಿರ ದಿನವೂ ಕೊಸರು ಹಾಕಿಸಿಕೊಂಡು ಬರುತ್ತಿದ್ದಳು, ಕೈಸನ್ನೆಯಿಂದ ಇರಬಹುದೆಂದು ಇವರು ತಿಳಿದಿದ್ದರು.) "ನೀವಿದ್ದೀರಲ್ಲ ರೀ, ನಮಗ್ಯಾಕೆ?" ಎಂದಳು. ಮೇಷ್ಟ್ರು ಜಗ್ಗಲಿಲ್ಲ.

ಭಾನುವಾರ ಚಾಪೆ ಹಾಸಿ ಇಬ್ಬರನ್ನೂ ಕೂರಿಸಿ, ಬರೆಯಲೆಂದು ಕ್ಯಾಲೆಂಡರನ್ನು ಹಿಂದುಮುಂದಾಗಿ ಗೋಡೆಗೆ ಅಂಟಿಸಿ, ಲಕ್ಸೆಂಬರ್ಗಿನ ಮಹಿಮೆಯನ್ನು ಎರಡೂ ಭಾಷೆಯಲ್ಲಿ ವರ್ಣಿಸಿದರು. ತಾಯಿ ಆಕಳಿಸಿದರು. ಒಳಗೆ ಕುಕ್ಕರ್ ಕೂಗಿತು, ಮತ್ತೆ ಕೂಗಿತು. ಶೋಭಾರಾಣಿ ಎದ್ದು ಒಲೆ ಆರಿಸಿ ಬಂದು, ಕೂರದೆ ಬಾಗಿಲಲ್ಲೇ ನಿಂತಳು. ಅವಳಿಗೂ ಸಾಕಾಗಿತ್ತು.

"ಅತ್ತಮ್ಮಾ, ಶನಿವಾರಂ ವಡಲು ಎವುರಿಕಿ ಕಾವಾಲ? ಮೀಕಾ, ಮೀ ಕೊಡುಕ್ಕಾ?"

ವಡೆ ಬೇಕಾದದ್ದು ನಿಮಗೋ ನಿಮ್ಮ ಮಗನಿಗೋ ಎಂದು ಕೇಳಿದ ಆ ತೆಲುಗಿನಲ್ಲಿ ಒಂದು ತಪ್ಪಿರಲಿಲ್ಲ. ಮುನಿಯಲ್ಲಮ್ಮ ಸೆರಗು ಸರಿಮಾಡಿಕೊಂಡು, ಥೇಟ್ ಧಾರಾವಾಹಿಯ ಅತ್ತೆಯ ಕನ್ನಡದಲ್ಲಿ ಉತ್ತರಿಸಿದರು.

"ನನ್ನ ಬಾಯಲ್ಲಿರೋದೇ ನಾಲ್ಕು ಹಲ್ಲು ಕಣಮ್ಮ. ಗರಿಗರಿ ವಡೆ ತಗೊಂಡು ನಾನೇನು ಕುಟ್ಟಿ ತಿನ್ಲಾ?"

ಮೇಷ್ಟ್ರ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ಆಮೇಲೆ ತಿಳಿದದ್ದು ಇದು. ನಾಲ್ಕು ವರ್ಷದ ಹಿಂದೆ ಅವರು ಎಲೆಕ್ಷನ್ ಡ್ಯೂಟಿಗೆ ಹೋಗಿದ್ದಾಗ ಮನೆಯಲ್ಲಿ ಗ್ಯಾಸು ಮುಗಿದಿತ್ತು, ಕರೆಂಟೂ ಹೋಗಿತ್ತು. ಸಾಗಿಸುವವನಿಲ್ಲದೆ ಇಬ್ಬರೂ ನೇರವಾಗಿ ಮಾತಾಡಲೇಬೇಕಾಯಿತು. ನೋಡಿದರೆ ಇಬ್ಬರಿಗೂ ಎರಡೂ ಬರುತ್ತಿತ್ತು. ಇವರು ವಾಪಸು ಬರುವಷ್ಟರಲ್ಲಿ ಇವರು ಸೋಸಿಕೊಟ್ಟ ಹೊಗಳಿಕೆಗಳೆಲ್ಲ ಲೆಕ್ಕಕ್ಕೆ ಸಿಕ್ಕಿದ್ದವು.

"ನಮ್ಮ ಜಗಳ ನಾವು ಮಧ್ಯಾಹ್ನವೇ ಮುಗಿಸ್ಕೊಳ್ತೀವಿ," ಎಂದಳು ಶೋಭಾರಾಣಿ. "ಸಾಯಂಕಾಲದ್ದು ನಿಮಗೋಸ್ಕರ. ನೀರಿನ ಕ್ಯಾನು ತರಿಸ್ಬೇಕಿತ್ತಲ್ಲ."

ಅಲ್ಲಿಗೇ ನಿಂತಿದ್ದರೆ ಮೇಷ್ಟ್ರು ಬದುಕಿಕೊಳ್ಳುತ್ತಿದ್ದರು. ಆದರೆ ಮುನಿಯಲ್ಲಮ್ಮ ಸೊಸೆಯ ಕಡೆ ತಿರುಗಿ, ಏನೇ ಆಗಲಿ, ನಿನಗೊಂದು ಬಸ್ಸು ಆಗಿಬಂದಿದ್ದರೆ ನಮ್ಮೂರ ಮಾವಿನ ತೋಪು ತೋರಿಸುತ್ತಿದ್ದೆ ಎಂದರು.

"ಯಾರಿಗೆ ಬಸ್ಸಾಗಲ್ಲ?" ಎಂದಳು ಶೋಭಾರಾಣಿ.

ಇದೊಂದನ್ನು ಇಬ್ಬರೂ ಬಾಯಿಬಿಟ್ಟು ಕೇಳಿರಲಿಲ್ಲ. ಸೊಸೆಗೆ ನಮ್ಮೂರು ಸೇರುವುದಿಲ್ಲವೆಂದು ಅತ್ತೆ ನೊಂದಿದ್ದರು. ತವರಿಗೆ ತನ್ನನ್ನು ಕರೆದೊಯ್ಯಲು ಅತ್ತೆಗೆ ಮನಸ್ಸಿಲ್ಲವೆಂದು ಸೊಸೆ ನೊಂದಿದ್ದಳು. ಇಬ್ಬರೂ ಒಟ್ಟಿಗೆ ತಿರುಗಿ ಮೇಷ್ಟ್ರನ್ನು ನೋಡಿದರು. ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ವಡೆಗೆ ಆಗದ ನಾಚಿಕೆ ಇದಕ್ಕಾಯಿತು.

ಸೋಮವಾರ ಬೆಳಿಗ್ಗೆ ಶಾಲೆಗೆ ಮುಂಚೆ, ಎರಡು ಬ್ಯಾಗು ಹೊತ್ತು ಮೇಷ್ಟ್ರು ಬಸ್ ಸ್ಟ್ಯಾಂಡಿನಲ್ಲಿದ್ದರು. ಮುನಿಯಲ್ಲಮ್ಮನವರ ತಮ್ಮ ವೆಂಕಟರಮಣಪ್ಪನ ತೋಪಿನಲ್ಲಿ ಕಾಯಿ ಕಿತ್ತು ಮುಗಿಯುವವರೆಗೆ ಅತ್ತೆ ಸೊಸೆ ಅಲ್ಲೇ ಇರುವುದೆಂದು ತೀರ್ಮಾನವಾಗಿತ್ತು. ಹಿಟ್ಟಿನ ಡಬ್ಬ ತೋರಿಸಿಕೊಟ್ಟಿದ್ದರು. ಉಪ್ಪು ಎಲ್ಲಿದೆಯೆಂದು ಇಬ್ಬರೂ ಹೇಳಿರಲಿಲ್ಲ.

ಮುನಿಯಲ್ಲಮ್ಮ ಬಸ್ಸಿನ ಕಿಟಕಿಯಿಂದ ಮಗನ ಕಡೆ ಕೈ ತೋರಿಸಿ ತೆಲುಗಿನಲ್ಲಿ ಶುರುಮಾಡಿದರು. ಸುಳ್ಳು ಬಿಟ್ಟರೆ ಇವನಿಗೆ ಬೇರೇನೂ ಬೇಯಿಸಲು ಬಾರದು, ನಾಲ್ಕು ದಿನ ಸೀದ ಮುದ್ದೆ ತಿಂದರೆ ಬುದ್ಧಿ ಬಂದೀತು ಎಂಬ ಒಂದೊಂದು ಮಾತೂ ಮೇಷ್ಟ್ರಿಗೆ ಸ್ಪಷ್ಟವಾಗಿ ಅರ್ಥವಾಗುತ್ತಿತ್ತು. ಪಕ್ಕದ ಸೀಟಿನಿಂದ ಶೋಭಾರಾಣಿ ಬಗ್ಗಿದಳು.

"ಅತ್ತೆ ನಿಮ್ಮನ್ನ ಹೊಗಳ್ತಿದ್ದಾರೆ ರೀ," ಎಂದಳು.

ಮೇಷ್ಟ್ರು ತಲೆಯಾಡಿಸಿದರು. ಬಸ್ಸು ಹೊರಟು ತಿರುವಿನಲ್ಲಿ ಮರೆಯಾಗುವವರೆಗೂ ಹೊಗಳಿಕೆ ಕೇಳಿಸುತ್ತಲೇ ಇತ್ತು. ತೆಲುಗು ಸ್ವಲ್ಪ ಉದ್ದದ ಭಾಷೆ.